ಪಿಯರ್ ಕ್ಯೂರಿ: ಹರಳಿನ ಗುಟ್ಟು ಕಂಡವನು

ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ನೀರನ್ನು ಅಳೆದು ಹಂಚುವ ವಿದ್ಯೆ ಹೊಸದೇನೂ ಅಲ್ಲ. ಕನ್ನಂಬಾಡಿಯ ಕಟ್ಟೆಯಲ್ಲಿ ನಿಂತ ಕಾವೇರಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, ಕವಲು ನಾಲೆಗಳಿಗೆ ಇಳಿದು, ತೂಬುಗಳಲ್ಲಿ ನುಸುಳಿ, ಕೊನೆಗೆ ಒಬ್ಬ ರೈತನ ಗದ್ದೆಯ ಮಡಿಗೆ ಬಂದು ಸೇರುವವರೆಗೂ ಅದರ ಹೆಜ್ಜೆ ಹೆಜ್ಜೆಗೂ ಲೆಕ್ಕವಿದೆ. ಕೆರೆಯ ಊರುಗಳಲ್ಲಿ ಈ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದವನೇ ನೀರುಗಂಟಿ. ತೂಬನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಎತ್ತಿರಬೇಕು, ಯಾರ ಗದ್ದೆಗೆ ಮೊದಲು, ಯಾರದಕ್ಕೆ ಆಮೇಲೆ ಎಂಬುದೆಲ್ಲ ಅವನ ಕೈಯಲ್ಲಿತ್ತು. ಅವನು ಕೈ ಬಿಗಿ ಮಾಡಿದರೆ ಪೈರು ಒಣಗುತ್ತಿತ್ತು. ಸಡಿಲ ಬಿಟ್ಟರೆ ಕೆರೆಯೇ ಬರಿದಾಗುತ್ತಿತ್ತು.

ಈ ನೀರುಗಂಟಿಯ ಕೆಲಸವನ್ನು ಒಂದು ತೊಟ್ಟಿನ ಮಟ್ಟಕ್ಕೆ, ಅಷ್ಟೇಕೆ, ಒಂದು ತೊಟ್ಟಿನ ಐವತ್ತು ಲಕ್ಷದ ಒಂದು ಪಾಲಿನ ಮಟ್ಟಕ್ಕೆ ಇಳಿಸಲು ಸಾಧ್ಯವೆ? ಸಾಧ್ಯ ಎಂದು ಇಂದಿನ ವಿಜ್ಞಾನ ತೋರಿಸಿಕೊಟ್ಟಿದೆ. ಆ ಕೆಲಸ ಮಾಡುವ ನೀರುಗಂಟಿ ಮನುಷ್ಯನಲ್ಲ, ಒಂದು ಹರಳು. ಆ ಹರಳಿನ ಗುಣವನ್ನು ಮೊಟ್ಟಮೊದಲು ಕಂಡವರು ಪ್ಯಾರಿಸ್ ನಗರದ ಇಬ್ಬರು ಅಣ್ಣತಮ್ಮಂದಿರು. ಅವರಲ್ಲಿ ಕಿರಿಯವನೇ ಪಿಯರ್ ಕ್ಯೂರಿ. ಮೇಡಂ ಕ್ಯೂರಿಯ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆದರೆ ಆಕೆಯ ಕೈಹಿಡಿದವನು ಆಕೆಯನ್ನು ಕಾಣುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಒಂದು ದೊಡ್ಡ ಸಂಗತಿಯನ್ನು ಕಂಡುಹಿಡಿದಿದ್ದನು ಎಂಬುದು ಅನೇಕರಿಗೆ ತಿಳಿಯದು. ಅವನ ಬಾಳನ್ನು ನನ್ನ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ಆದುದರಿಂದ ಸೂತ್ರ, ಸಮೀಕರಣಗಳ ಗೋಜಿಗೆ ಹೋಗದೆ, ನಮ್ಮಂಥವರಿಗೆ ತಿಳಿಯುವ ಮಾತಿನಲ್ಲಿಯೇ ಹೇಳುತ್ತೇನೆ.

ಪಿಯರನು 1859ನೆಯ ಇಸವಿ ಮೇ 15ರಂದು ಪ್ಯಾರಿಸಿನಲ್ಲಿ ಹುಟ್ಟಿದನು. ತಂದೆ ಯೂಜೀನ್ ಕ್ಯೂರಿ ವೈದ್ಯ. ಹಣ ಕೂಡಿಡುವ ವೈದ್ಯನಲ್ಲ. ಬಡವರ ಪರವಾಗಿ ಮನಸ್ಸಿದ್ದ, ಪ್ರಕೃತಿಯನ್ನು ಪ್ರೀತಿಸುತ್ತಿದ್ದ, ಮನೆಯಲ್ಲಿ ಪುಸ್ತಕಗಳನ್ನು ತುಂಬಿಕೊಂಡಿದ್ದ ವೈದ್ಯ. ಪಿಯರನು ಚಿಕ್ಕಂದಿನಲ್ಲಿ ಚುರುಕು ಹುಡುಗನೆಂದು ಹೆಸರು ಪಡೆದವನಲ್ಲ. ಒಂದು ವಿಷಯವನ್ನು ಹಿಡಿದರೆ ಅದರಲ್ಲಿಯೇ ಮುಳುಗಿಬಿಡುತ್ತಿದ್ದನು. ಗಂಟೆ ಹೊಡೆದೊಡನೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವ ಶಾಲೆಯ ಕ್ರಮ ಅವನಿಗೆ ಒಗ್ಗುವಂತಿರಲಿಲ್ಲ. ಇದನ್ನು ಅರಿತ ತಂದೆ ಅವನನ್ನು ಶಾಲೆಗೇ ಕಳುಹಿಸಲಿಲ್ಲ. ಓದು ಬರಹವೆಲ್ಲ ಮನೆಯಲ್ಲಿಯೇ ನಡೆಯಿತು. ತಂದೆ, ತಾಯಿ, ಅಣ್ಣ ಜಾಕ್ ಇವರೇ ಗುರುಗಳು. ಹದಿನಾಲ್ಕನೆಯ ವಯಸ್ಸಿಗೆ ಒಬ್ಬ ಒಳ್ಳೆಯ ಗಣಿತದ ಗುರು ದೊರಕಿದನು. ಅಲ್ಲಿಂದ ಮುಂದೆ ಹುಡುಗನ ಬುದ್ಧಿ ಕಟ್ಟೆಯೊಡೆದ ನೀರಿನಂತೆ ಹರಿಯಿತು. ಹದಿನಾರಕ್ಕೆ ಪ್ರವೇಶ ಪರೀಕ್ಷೆ, ಹದಿನೆಂಟಕ್ಕೆ ಸೋರ್ಬೋನ್ ವಿಶ್ವವಿದ್ಯಾನಿಲಯದ ಪದವಿ.

ಪದವಿಯ ಮೇಲೆ ಡಾಕ್ಟರೇಟಿಗೆ ಓದಬೇಕೆಂಬ ಆಸೆ ಇತ್ತು. ಆದರೆ ಮನೆಯಲ್ಲಿ ಹಣವಿರಲಿಲ್ಲ. 1878ರಲ್ಲಿ ಸೋರ್ಬೋನಿನ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ಕೆಲಸಕ್ಕೆ ಸೇರಿದನು. ವಿದ್ಯಾರ್ಥಿಗಳ ಪ್ರಯೋಗಗಳಿಗೆ ಸಲಕರಣೆ ಜೋಡಿಸುವುದು, ಅವರು ಮಾಡುವುದನ್ನು ನೋಡಿಕೊಳ್ಳುವುದು, ಇದು ದಿನದ ಕೆಲಸ. ಡಾಕ್ಟರ್ ಪದವಿ ಅವನಿಗೆ ದೊರೆತದ್ದು 1895ರಲ್ಲಿ, ಮೂವತ್ತೈದು ದಾಟಿ ಮೂವತ್ತಾರರ ಹೊಸ್ತಿಲಿನಲ್ಲಿ. ಹೊಟ್ಟೆಪಾಡಿಗಾಗಿ ಓದನ್ನು ನಿಲ್ಲಿಸಿ ಕೆಲಸ ಹಿಡಿಯಬೇಕಾಗಿ ಬಂದ ನಮ್ಮ ಗೆಳೆಯರು ಈ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಆಶೆ.

ಅಣ್ಣ ಜಾಕನೂ ಸೋರ್ಬೋನಿನಲ್ಲಿ ಖನಿಜಶಾಸ್ತ್ರದ ವಿಭಾಗದಲ್ಲಿ ಸಹಾಯಕನಾಗಿದ್ದನು. ಅಣ್ಣತಮ್ಮಂದಿರು ಕೂಡಿ ಹರಳುಗಳ ಅಭ್ಯಾಸಕ್ಕೆ ಕೈಹಾಕಿದರು. ಇದಕ್ಕೆ ಒಂದು ಹಿನ್ನೆಲೆ ಉಂಟು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಡಚ್ಚರು ಸಿಂಹಳದಿಂದ ಟೂರ್ಮಲೀನ್ ಎಂಬ ಕಲ್ಲನ್ನು ಯೂರೋಪಿಗೆ ಒಯ್ದಿದ್ದರು. ಆ ಹೆಸರೂ ಸಿಂಹಳ ಭಾಷೆಯದೇ. ಬಿಸಿ ಮಾಡಿದರೆ ಆ ಕಲ್ಲು ಬೂದಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತಿತ್ತು. ಎಂದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತಿತ್ತು. ಬಿಸಿಯಾದರೆ ಹರಳು ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಹಾಗಾದರೆ ಬಿಸಿಯ ಗೊಡವೆಯಿಲ್ಲದೆ, ಬರಿಯ ಒತ್ತಡದಿಂದಲೇ ಹರಳನ್ನು ಕುಗ್ಗಿಸಿದರೆ ವಿದ್ಯುತ್ತು ಹುಟ್ಟಬೇಡವೆ? ಈ ಪ್ರಶ್ನೆಯನ್ನು ಅವರು ತಮಗೆ ತಾವೇ ಹಾಕಿಕೊಂಡರು. ಯಾವ ಹರಳಿನಲ್ಲಿ, ಯಾವ ದಿಕ್ಕಿನಲ್ಲಿ ಒತ್ತಿದರೆ, ಯಾವ ಮುಖದಲ್ಲಿ ವಿದ್ಯುತ್ತು ಕಾಣಬೇಕು ಎಂಬುದನ್ನು ಹರಳಿನ ಆಕಾರದಿಂದಲೇ ಊಹಿಸಿ, ಅನಂತರ ಪ್ರಯೋಗಕ್ಕೆ ಇಳಿದರು. ಕತ್ತಲೆಯಲ್ಲಿ ತಡಕಾಡಿ ಅಕಸ್ಮಾತ್ತಾಗಿ ಸಿಕ್ಕಿದ ವಸ್ತುವಲ್ಲ ಅದು.

ಪ್ರಯೋಗದ ಸಲಕರಣೆಗಳೋ ಬಹು ಸಾಮಾನ್ಯ. ಹರಳನ್ನು ಸರಿಯಾದ ದಿಕ್ಕಿನಲ್ಲಿ ಬಿಲ್ಲೆಯಾಗಿ ಕೊಯ್ಯುವುದು. ಅದರ ಎರಡು ಮುಖಗಳಿಗೂ ತವರದ ತೆಳು ಹಾಳೆ ಅಂಟಿಸುವುದು. ವಿದ್ಯುತ್ತು ಸೋರಿಹೋಗದಂತೆ ಬಂದೋಬಸ್ತು ಮಾಡಿ ತಿರುಪಿನ ಇಕ್ಕಳದಲ್ಲಿ ಇಟ್ಟು ಒತ್ತುವುದು. ಹಾಳೆಯಿಂದ ತಂತಿ ಎಳೆದು ವಿದ್ಯುನ್ಮಾಪಕಕ್ಕೆ ಜೋಡಿಸಿ ಮುಳ್ಳು ಅಲುಗುವುದೇ ಎಂದು ನೋಡುವುದು. ಅಲುಗಿತು. ಒತ್ತಿದಾಗ ಒಂದು ಮುಖದಲ್ಲಿ ಧನ ವಿದ್ಯುತ್ತು, ಎದುರು ಮುಖದಲ್ಲಿ ಋಣ ವಿದ್ಯುತ್ತು. ಒತ್ತಡ ಬಿಟ್ಟಾಗ ತಿರುಗುಮುರುಗು. ಒತ್ತಡ ಎರಡರಷ್ಟಾದರೆ ವಿದ್ಯುತ್ತೂ ಎರಡರಷ್ಟು. ಇದು ನಡೆದದ್ದು 1880ರಲ್ಲಿ. ಆಗ ತಮ್ಮನಿಗೆ ಇಪ್ಪತ್ತೊಂದು, ಅಣ್ಣನಿಗೆ ಇಪ್ಪತ್ತನಾಲ್ಕು ವರ್ಷ. ನಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಯ ವಯಸ್ಸು! ಒತ್ತು ಎಂಬ ಅರ್ಥದ ಗ್ರೀಕ್ ಮಾತಿನಿಂದ ಇದಕ್ಕೆ ಪೀಜೋ ವಿದ್ಯುತ್ತು ಎಂಬ ಹೆಸರು ಮರುವರ್ಷ ಬಂದಿತು.

ಅವರು ಒತ್ತಿ ನೋಡಿದ ಹರಳುಗಳ ಪಟ್ಟಿಯನ್ನು ಓದಿದಾಗ ಒಂದು ಹೆಸರಿನ ಮುಂದೆ ನನ್ನ ಕಣ್ಣು ನಿಂತುಬಿಟ್ಟಿತು. ಟೂರ್ಮಲೀನ್ ಇತ್ತು, ಬೆಣಚುಕಲ್ಲು ಇತ್ತು, ಪುಷ್ಯರಾಗ ಇತ್ತು. ಅವುಗಳ ಜೊತೆಗೆ ಕಬ್ಬಿನ ಸಕ್ಕರೆಯ ಹರಳೂ ಇತ್ತು! ಮಂಡ್ಯದವರಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಇನ್ನೇನು ಬೇಕು? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ನಮ್ಮ ಊರಿನಲ್ಲಿ ನೆಲೆಸಿದಂದಿನಿಂದ ಎಷ್ಟು ಮೂಟೆ ಸಕ್ಕರೆ ಇಲ್ಲಿಂದ ಹೊರಗೆ ಹೋಗಿದೆಯೋ ಲೆಕ್ಕವಿಟ್ಟವರು ಬಲ್ಲರು. ಆ ಸಕ್ಕರೆಯ ಒಂದೊಂದು ಕಾಳಿನಲ್ಲಿಯೂ ಈ ಗುಣ ಅಡಗಿದೆ. ನಾವು ಕಾಫಿಗೆ ಹಾಕಿ ಕದಡುವ ಸಕ್ಕರೆಯನ್ನು ಒತ್ತಿದರೆ ಅದರ ಮೈಯಲ್ಲಿ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ. ಹೊಲ ಉಳುವಾಗ ನೇಗಿಲಿಗೆ ಸಿಕ್ಕಿ ಬದುವಿನ ಮೇಲೆ ಎಸೆಯಲ್ಪಡುವ ಬಿಳಿಯ ಬೆಣಚುಕಲ್ಲಿನ ಕುಲದ್ದೇ ಆ ಪ್ರಯೋಗದ ಮುಖ್ಯ ಹರಳು. ಹುಡುಕಬೇಕಾದ್ದು ಎಲ್ಲಿಯೋ ದೂರದಲ್ಲಿದೆ ಎಂದುಕೊಳ್ಳುವುದು ನಮ್ಮ ಅಭ್ಯಾಸ; ಅದು ಒಮ್ಮೊಮ್ಮೆ ಡಬ್ಬಿಯ ಸಕ್ಕರೆಯಲ್ಲಿಯೇ ಇರುತ್ತದೆ.

ಸಕ್ಕರೆಗೆ ಉಂಟು, ಉಪ್ಪಿಗೆ ಇಲ್ಲ. ಏಕೆ? ಹರಳಿನೊಳಗೆ ಕಣಗಳು ದಂಡಿನ ಸಿಪಾಯಿಗಳಂತೆ ಸಾಲುಸಾಲಾಗಿ ನಿಂತಿರುತ್ತವೆ. ಕೆಲವು ಧನ, ಕೆಲವು ಋಣ. ಉಪ್ಪಿನ ಹರಳಿನಲ್ಲಿ ನಟ್ಟನಡುವೆ ಒಂದು ಬಿಂದುವನ್ನು ಹಿಡಿದರೆ, ಅದರ ಈ ಕಡೆ ಏನಿದೆಯೋ ಸರಿಯಾಗಿ ಎದುರು ಕಡೆಯಲ್ಲಿಯೂ ಅದೇ ಇರುತ್ತದೆ. ಅದನ್ನು ಎಷ್ಟು ಒತ್ತಿದರೂ ಎರಡು ಕಡೆಯ ಕಣಗಳೂ ಒಂದೇ ತೆರನಾಗಿ ಸರಿದು, ಒಂದು ಇನ್ನೊಂದನ್ನು ತೀರಿಸಿಬಿಡುತ್ತದೆ. ಸಕ್ಕರೆ, ಬೆಣಚುಗಳಲ್ಲಿ ಅಂಥ ಸಮತೋಲದ ನಡುಬಿಂದು ಇಲ್ಲ. ಒತ್ತಿದಾಗ ಧನ ಕಣಗಳು ಒಂದು ಕಡೆಗೂ ಋಣ ಕಣಗಳು ಇನ್ನೊಂದು ಕಡೆಗೂ ತುಸು ವಾಲುತ್ತವೆ. ಆ ವಾಲುವಿಕೆಯೇ ಹೊರಗೆ ವಿದ್ಯುತ್ತಾಗಿ ಕಾಣುವುದು. ವಸ್ತುವಿನ ಸೌಷ್ಠವದಲ್ಲಿ ಎಲ್ಲಿ ಕೊರತೆಯಿದೆಯೋ ಅಲ್ಲಿಯೇ ಹೊಸ ಘಟನೆ ಹುಟ್ಟಲು ಎಡೆಯಿದೆ ಎಂಬ ತತ್ತ್ವವನ್ನು ಪಿಯರನು 1894ರಲ್ಲಿ ಇನ್ನೂ ವಿಶಾಲವಾಗಿ ಪ್ರತಿಪಾದಿಸಿದನು. ಭೌತಶಾಸ್ತ್ರದವರು ಅದನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

1881ರಲ್ಲಿ ಲಿಪ್‌ಮನ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ಒಂದು ಮಾತು ಹೇಳಿದನು: ಒತ್ತಿದರೆ ವಿದ್ಯುತ್ತು ಬರುವುದಾದರೆ, ವಿದ್ಯುತ್ತು ಕೊಟ್ಟರೆ ಹರಳು ತಾನಾಗಿಯೇ ಹಿಗ್ಗಬೇಕು, ಇಲ್ಲವೆ ಕುಗ್ಗಬೇಕು. ಕ್ಯೂರಿ ಸಹೋದರರು ಅದೇ ವರ್ಷ ಪ್ರಯೋಗ ಮಾಡಿ ಈ ಮಾತು ನಿಜವೆಂದು ತೋರಿಸಿದರು. ಎಷ್ಟು ಹಿಗ್ಗುತ್ತದೆ? ಸಾವಿರ ವೋಲ್ಟು ಕೊಟ್ಟರೂ ಬೆಣಚಿನ ಬಿಲ್ಲೆ ಅಲುಗುವುದು ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲಿಗೆ ತುಸು ಹೆಚ್ಚು, ಅಷ್ಟೆ. ಇಂಥ ಅತ್ಯಲ್ಪವನ್ನು ಹಿಡಿಯಲು ಎಂಥ ಕೈ ಬೇಕು, ಎಂಥ ತಾಳ್ಮೆ ಬೇಕು! ಇದರಿಂದ ಯಾರಿಗೆ ಏನು ಲಾಭ ಎಂದು ಆ ದಿನ ಯಾರಾದರೂ ಕೇಳಿದ್ದರೆ ಹೇಳಲು ಉತ್ತರವಿರಲಿಲ್ಲ. ಆದರೆ ಈ ಲೇಖನದ ಮೊದಲಿನಲ್ಲಿ ಹೇಳಿದ ಹನಿಯ ನೀರುಗಂಟಿ ಹುಟ್ಟಿದ್ದು ಈ ಎರಡನೆಯ ಪ್ರಯೋಗದಿಂದಲೇ.

1882ರಲ್ಲಿ ಪಿಯರನಿಗೆ ಪ್ಯಾರಿಸ್ ಪುರಸಭೆಯವರು ಹೊಸದಾಗಿ ತೆರೆದ ಭೌತ ಮತ್ತು ರಸಾಯನ ಕೈಗಾರಿಕಾ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಅಣ್ಣನು ಮಾಂಟ್‌ಪೆಲಿಯೆ ಎಂಬ ಊರಿಗೆ ಉಪನ್ಯಾಸಕನಾಗಿ ಹೊರಟುಹೋದನು. ಜೊತೆಗೆ ಯೋಚಿಸುತ್ತಿದ್ದ ಎರಡು ತಲೆಗಳು ಬೇರೆಯಾದವು. ತಮ್ಮನು ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದನು. ಸಂಬಳ ಒಬ್ಬ ನುರಿತ ಕಾರ್ಖಾನೆ ಕೆಲಸಗಾರನ ಸಂಬಳದಷ್ಟು. ತನ್ನದೇ ಎನ್ನುವ ಪ್ರಯೋಗಶಾಲೆ ಇರಲಿಲ್ಲ. ಮೆಟ್ಟಿಲುಗಳಿಗೂ ಒಂದು ಕೋಣೆಗೂ ನಡುವೆ ಇದ್ದ ಓಣಿಯಂಥ ಜಾಗದಲ್ಲಿ ನಿಂತು ಅವನು ಕಾಂತತ್ವದ ಮೇಲಿನ ತನ್ನ ಪ್ರಸಿದ್ಧ ಸಂಶೋಧನೆಯನ್ನು ನಡೆಸಿದನು. ಕಬ್ಬಿಣದಂಥ ಲೋಹ ಒಂದು ಗೊತ್ತಾದ ಶಾಖವನ್ನು ಮುಟ್ಟಿದೊಡನೆ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಆ ಶಾಖದ ಮಟ್ಟಕ್ಕೆ ಇಂದು ಕ್ಯೂರಿ ಬಿಂದು ಎಂದೇ ಹೆಸರು. ಬೇಕಾದ ಉಪಕರಣ ಸಿಕ್ಕದಾಗ ಅವನೇ ಮಾಡಿಕೊಳ್ಳುತ್ತಿದ್ದನು. ಬೇಗನೆ ಅಲುಗಾಟ ನಿಂತು ತೂಕ ತೋರಿಸುವ ಸೂಕ್ಷ್ಮ ತಕ್ಕಡಿಯನ್ನು ಮಾಡಿದನು. ತೆಳುವಾದ ಬೆಣಚಿನ ಪಟ್ಟಿಗೆ ತೂಕ ತೂಗುಹಾಕಿ, ಅದರಿಂದ ಹುಟ್ಟುವ ವಿದ್ಯುತ್ತಿನಿಂದ ಬೇರೊಂದು ಅತಿ ಸಣ್ಣ ವಿದ್ಯುತ್ತನ್ನು ಅಳೆಯುವ ಸಾಧನವನ್ನು ಅಣ್ಣನೊಡನೆ ಕೂಡಿ ಕಟ್ಟಿದ್ದನು. ಬ್ರಿಟನ್ನಿನ ಲಾರ್ಡ್ ಕೆಲ್ವಿನ್ ಅವನ ಕೆಲಸವನ್ನು ಮೆಚ್ಚಿಕೊಂಡವರಲ್ಲಿ ಒಬ್ಬನು. ಆದರೆ ಪ್ಯಾರಿಸಿನ ದೊಡ್ಡವರ ಕಣ್ಣಿಗೆ ಅವನು ಬೀಳಲಿಲ್ಲ. ಬೀಳಲು ಅವನು ಪ್ರಯತ್ನವನ್ನೂ ಮಾಡಲಿಲ್ಲ. ಒಮ್ಮೆ ಶಾಲೆಯ ಮುಖ್ಯಸ್ಥನು ಅವನಿಗೆ ಸರ್ಕಾರದ ಬಿರುದೊಂದನ್ನು ಕೊಡಿಸಲು ಹೊರಟಾಗ ಅದನ್ನು ವಿನಯದಿಂದ ನಿರಾಕರಿಸಿದನು.

1894ರ ವಸಂತದಲ್ಲಿ ಪೋಲೆಂಡಿನಿಂದ ಓದಲು ಬಂದಿದ್ದ ಮರಿಯಾ ಸ್ಕ್ಲೊಡೊವ್ಸ್ಕಾ ಎಂಬಾಕೆಯ ಪರಿಚಯವಾಯಿತು. 1895ರ ಜುಲೈ 26ರಂದು ಇಬ್ಬರಿಗೂ ಮದುವೆ ನಡೆಯಿತು. ಮಂಗಳವಾದ್ಯವಿಲ್ಲ, ಉಂಗುರವಿಲ್ಲ, ಪುರೋಹಿತನಿಲ್ಲ. ಉಡುಗೊರೆಯ ಹಣದಲ್ಲಿ ಎರಡು ಬೈಸಿಕಲ್ಲು ಕೊಂಡು ದಂಪತಿಗಳು ಹಳ್ಳಿಗಾಡಿನ ಮೇಲೆ ಸವಾರಿ ಹೊರಟರು.

ಮುಂದಿನ ಕಥೆ ಲೋಕಕ್ಕೆಲ್ಲ ತಿಳಿದದ್ದು. ಆದರೆ ಅದರಲ್ಲಿ ಹರಳಿನ ಪಾತ್ರ ಎಷ್ಟೆಂಬುದನ್ನು ಹೇಳುವವರು ಕಡಿಮೆ. ಯುರೇನಿಯಮ್ಮಿನಿಂದ ಹೊರಡುವ ಕಿರಣಗಳು ಸುತ್ತಲಿನ ಗಾಳಿಯನ್ನು ಅತ್ಯಲ್ಪವಾಗಿ ವಿದ್ಯುದ್ವಾಹಕವನ್ನಾಗಿ ಮಾಡುತ್ತವೆ. ಆ ವಿದ್ಯುತ್ತನ್ನು ಅಳೆಯಬಲ್ಲವರು ಆಗ ಹೆಚ್ಚು ಮಂದಿ ಇರಲಿಲ್ಲ. 1897ರ ಕೊನೆಯಲ್ಲಿ ಮೇರಿ ಆ ಅಭ್ಯಾಸವನ್ನು ಕೈಗೊಂಡಾಗ ಆಕೆಯ ಮೇಜಿನ ಮೇಲೆ ಇದ್ದದ್ದು ಗಂಡನ ವಿದ್ಯುನ್ಮಾಪಕ ಮತ್ತು ಬೆಣಚಿನ ಪಟ್ಟಿ. ಒಂದು ಕೈಯಲ್ಲಿ ಕಾಲಮಾಪಕ, ಇನ್ನೊಂದು ಕೈಯಿಂದ ಪಟ್ಟಿಗೆ ತೂಕ. ಕಿರಣದ ವಿದ್ಯುತ್ತನ್ನು ಹರಳಿನ ವಿದ್ಯುತ್ತಿನಿಂದ ಸರಿದೂಗಿಸಿ ಅಳೆಯುವುದು. ಈ ಅಳತೆಯಿಂದಲೇ ಒಂದು ಬಗೆಯ ಅದಿರು ತನ್ನಲ್ಲಿರುವ ಯುರೇನಿಯಮ್ಮಿಗಿಂತ ಹೆಚ್ಚು ಕಿರಣ ಸೂಸುತ್ತಿದೆಯೆಂದು ಆಕೆಗೆ ಗೊತ್ತಾಯಿತು. ಹಾಗಾದರೆ ಅದರಲ್ಲಿ ಬೇರೆ ಏನೋ ಇರಲೇಬೇಕು. ಆಗ ಪಿಯರನು ತನ್ನ ಪ್ರೀತಿಯ ಹರಳುಗಳ ಅಭ್ಯಾಸವನ್ನು ಬದಿಗಿಟ್ಟು ಹೆಂಡತಿಯ ಕೆಲಸಕ್ಕೆ ಹೆಗಲು ಕೊಟ್ಟನು. 1898ರ ಜುಲೈನಲ್ಲಿ ಪೊಲೋನಿಯಂ, ಅದೇ ಡಿಸೆಂಬರಿನಲ್ಲಿ ರೇಡಿಯಂ.

ರೇಡಿಯಮ್ಮನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸಲು ನಾಲ್ಕು ವರ್ಷ ಹಿಡಿಯಿತು. ಕೆಲಸ ನಡೆದದ್ದು ಹಿಂದೆ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ, ಮಳೆ ಬಂದರೆ ಸೋರುವ ಒಂದು ಹರಕು ಕೊಟ್ಟಿಗೆಯಲ್ಲಿ. ಟನ್ನುಗಟ್ಟಲೆ ಅದಿರಿನ ಕಸವನ್ನು ಕುದಿಸಿ, ಕದಡಿ, ಸೋಸಿ, 1902ರಲ್ಲಿ ಪಡೆದದ್ದು ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ರೇಡಿಯಂ ಲವಣ. ಅದೇ 1902ರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುನೀರಿನಿಂದ ವಿದ್ಯುತ್ತನ್ನು ತೆಗೆದು, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಸಾಗಿಸಿದರು. ಒಂದು ಕಡೆ ನದಿಯ ಒತ್ತಡದಿಂದ ಗಣಿಯನ್ನೇ ನಡೆಸುವ ಮಹಾವಿದ್ಯುತ್ತು. ಇನ್ನೊಂದು ಕಡೆ ಹರಳಿನ ಒತ್ತಡದಿಂದ ಅಣುವಿನ ಗುಟ್ಟನ್ನು ತೂಗುವ ಕಿರುವಿದ್ಯುತ್ತು. ಎರಡೂ ನಮ್ಮ ಕಾಲವನ್ನು ಕಟ್ಟಿದವು. ಮೊದಲನೆಯದನ್ನು ನೋಡಲು ನಾವು ಪ್ರವಾಸ ಹೋಗುತ್ತೇವೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ.

1903ರಲ್ಲಿ ನೊಬೆಲ್ ಬಹುಮಾನ ಬಂದಿತು. ಮೊದಲು ಬೆಕೆರೆಲ್ ಮತ್ತು ಪಿಯರ್ ಇಬ್ಬರಿಗೆ ಮಾತ್ರ ಕೊಡುವ ಯೋಚನೆಯಿತ್ತು. ಸುದ್ದಿ ತಿಳಿದ ಪಿಯರನು ಹೆಂಡತಿಯ ಪಾಲನ್ನು ಬಿಡಲಾಗದೆಂದು ಪಟ್ಟು ಹಿಡಿದನು. ಬಹುಮಾನದ ಅರ್ಧ ಬೆಕೆರೆಲ್‌ಗೂ ಇನ್ನರ್ಧ ಕ್ಯೂರಿ ದಂಪತಿಗಳಿಗೂ ಸಂದಿತು. ರೇಡಿಯಂ ತೆಗೆಯುವ ವಿಧಾನಕ್ಕೆ ಅವರು ಪೇಟೆಂಟು ಪಡೆಯಲಿಲ್ಲ, ಕೇಳಿದವರಿಗೆಲ್ಲ ಹೇಳಿಕೊಟ್ಟರು. ಸರ್ಕಾರ ಕೊಡಬಂದ ದೊಡ್ಡ ಪದಕವನ್ನು ಪಿಯರನು ಬೇಡವೆಂದನು. ತನಗೆ ಬೇಕಾದದ್ದು ಪದಕವಲ್ಲ, ಪ್ರಯೋಗಶಾಲೆ ಎಂದು ತಿಳಿಸಿದನು. ರೇಡಿಯಂ ಮೈಗೆ ಏನು ಮಾಡುತ್ತದೆಂದು ತಿಳಿಯಲು ತನ್ನ ತೋಳಿನ ಮೇಲೆಯೇ ಅದನ್ನು ಇಟ್ಟುಕೊಂಡು, ವಾರಗಟ್ಟಲೆ ಮಾಯದ ಹುಣ್ಣನ್ನು ಮಾಡಿಕೊಂಡು, ಅದರ ವಿವರವನ್ನು ಬರೆದಿಟ್ಟನು. ಕಾಲುನೋವು, ಆಯಾಸ ಅವನನ್ನು ಬಾಧಿಸುತ್ತಿದ್ದವು. ಆದುದರಿಂದ ಬಹುಮಾನದ ಉಪನ್ಯಾಸ ಕೊಡಲು ಸ್ಟಾಕ್‌ಹೋಮಿಗೆ ಹೋದದ್ದು 1905ರಲ್ಲಿ. ರೇಡಿಯಮ್ಮಿನಂಥ ಶಕ್ತಿ ದುಷ್ಟರ ಕೈಗೆ ಬಿದ್ದರೆ ಗತಿಯೇನು ಎಂಬ ಭಯವನ್ನು ಆ ಉಪನ್ಯಾಸದ ಕೊನೆಯಲ್ಲಿ ಅವನು ಮುಂದಿಟ್ಟನು. ಆದರೂ ಜ್ಞಾನದಿಂದ ಕೆಡುಕಿಗಿಂತ ಒಳಿತೇ ಹೆಚ್ಚೆಂಬ ನಂಬಿಕೆಯನ್ನು ಬಿಡಲಿಲ್ಲ.

1904ರಲ್ಲಿ ಸೋರ್ಬೋನ್ ಅವನನ್ನು ಪ್ರಾಧ್ಯಾಪಕನನ್ನಾಗಿ ಮಾಡಿಕೊಂಡಿತು. 1902ರಲ್ಲಿ ತನ್ನನ್ನು ಆರಿಸದಿದ್ದ ವಿಜ್ಞಾನ ಅಕಾಡೆಮಿ 1905ರಲ್ಲಿ ಬರಮಾಡಿಕೊಂಡಿತು. ಬಾಳು ಇನ್ನೇನು ನೆಮ್ಮದಿಗೆ ಬಂದಿತು ಎನ್ನುವಾಗಲೇ ಸಾವು ಬಂದಿತು. 1906ರ ಏಪ್ರಿಲ್ 19, ಗುರುವಾರ. ಮಳೆ ಹಿಡಿದಿತ್ತು. ಸೇನ್ ನದಿಯ ಸೇತುವೆಯ ಬಳಿ ದೋಫೀನ್ ಬೀದಿಯನ್ನು ದಾಟುವಾಗ ಎದುರಿನಿಂದ ಸೈನಿಕರ ಉಡುಪು ಹೇರಿದ ಭಾರಿ ಕುದುರೆಗಾಡಿ ಬಂದಿತು. ಪಿಯರನು ಜಾರಿ ಬಿದ್ದನು. ಗಾಡಿಯ ಹಿಂಗಾಲಿ ತಲೆಯ ಮೇಲೆ ಹರಿಯಿತು. ಆಗ ಅವನಿಗೆ ನಲವತ್ತಾರು ವರ್ಷ. ದೊಡ್ಡ ಮಗಳು ಐರೀನಳಿಗೆ ಎಂಟು, ಚಿಕ್ಕವಳು ಈವಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಜೀವಮಾನವೆಲ್ಲ ಹಂಬಲಿಸಿದ ಒಳ್ಳೆಯ ಪ್ರಯೋಗಶಾಲೆಯನ್ನು ಅವನು ಕಾಣಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅವನು ನಿಲ್ಲಿಸಿದ ಕಡೆಯಿಂದ ಪಾಠವನ್ನು ಮುಂದುವರಿಸಿದಾಕೆ ಮೇರಿ.

ರೇಡಿಯಮ್ಮಿನ ಕೀರ್ತಿಯ ಬೆಳಕಿನಲ್ಲಿ ಹರಳಿನ ಮಾತು ಮಸುಕಾಗಿತ್ತು. ಅದನ್ನು ಮತ್ತೆ ಎತ್ತಿದವನು ಪಿಯರನ ಶಿಷ್ಯ ಪಾಲ್ ಲಾಂಜವೆನ್. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಬೇಕಾಗಿತ್ತು. 1917ರಲ್ಲಿ ಅವನು ಉಕ್ಕಿನ ಫಲಕಗಳ ನಡುವೆ ಬೆಣಚಿನ ಬಿಲ್ಲೆಗಳನ್ನಿಟ್ಟು, ವಿದ್ಯುತ್ತಿನಿಂದ ಅವನ್ನು ಕಂಪಿಸಿ, ಕಿವಿಗೆ ಕೇಳದ ಶಬ್ದವನ್ನು ನೀರಿನೊಳಗೆ ಕಳುಹಿಸಿ, ಅದರ ಮರುದನಿಯನ್ನು ಹಿಡಿದನು. ಇಂದು ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಬಸುರಿ ಹೆಣ್ಣುಮಗಳ ಹೊಟ್ಟೆಯ ಮೇಲೆ ಇಟ್ಟು ಕೂಸನ್ನು ನೋಡುವ ಸಾಧನದಲ್ಲಿರುವುದೂ ಇದೇ ತತ್ತ್ವ. ಅಡಿಗೆಮನೆಯ ಗ್ಯಾಸ್ ಲೈಟರನ್ನು ಟಕ್ಕೆಂದು ಒತ್ತಿದಾಗ ಹಾರುವ ಕಿಡಿ ಕ್ಯೂರಿ ಸಹೋದರರ ಮೊದಲ ಪ್ರಯೋಗ. ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ ಮಿಡಿಯುವ ಬೆಣಚಿನ ಹರಳು ಎರಡನೆಯದು.

ಈಗ ಹನಿಯ ನೀರುಗಂಟಿಯ ವಿಷಯಕ್ಕೆ ಬರೋಣ. ಬೆಣಚಿನ ಅಲುಗಾಟ ಬಹು ಅಲ್ಪವೆಂದು ಹೇಳಿದೆನಷ್ಟೆ. 1950ರ ದಶಕದಲ್ಲಿ ಸೀಸ, ಜಿರ್ಕೋನಿಯಂ, ಟೈಟಾನಿಯಂಗಳನ್ನು ಸೇರಿಸಿ ಸುಟ್ಟ ಒಂದು ಪಿಂಗಾಣಿ ಬಂದಿತು. ಅದೇ ವೋಲ್ಟಿಗೆ ಇದು ಬೆಣಚಿಗಿಂತ ನೂರು ಪಾಲಿಗೂ ಹೆಚ್ಚು ಅಲುಗುತ್ತದೆ. ಇದನ್ನು ಕಿರಿದಾದ ದ್ರವದ ಕೋಣೆಯೊಂದರ ಗೋಡೆಗೆ ಜೋಡಿಸಿದರು. ಕೋಣೆಯ ಒಂದು ತುದಿಯಲ್ಲಿ ಕೂದಲಿಗಿಂತ ಸಪುರವಾದ ರಂಧ್ರ. ವಿದ್ಯುತ್ತಿನ ಒಂದು ಮಿಡಿತ ಕೊಟ್ಟೊಡನೆ ಗೋಡೆ ಒಳಕ್ಕೆ ಬಾಗಿ ದ್ರವವನ್ನು ಹಿಂಡುತ್ತದೆ. ರಂಧ್ರದಿಂದ ಒಂದೇ ಒಂದು ಹನಿ ಚಿಮ್ಮುತ್ತದೆ. ಗೋಡೆ ಹಿಂದಕ್ಕೆ ಸರಿದಾಗ ತೊಟ್ಟಿಯಿಂದ ಅಷ್ಟೇ ದ್ರವ ಒಳಕ್ಕೆ ಬರುತ್ತದೆ. ಹಸುವಿನ ಕೆಚ್ಚಲಿಗೆ ಕೈಯಿಟ್ಟು ಹಾಲು ಕರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದು ಹಿಂಡಿಗೆ ಒಂದು ಧಾರೆ. ಹಿಂಡುವ ಬಲ, ಹಿಂಡುವ ಹೊತ್ತು ಇವೆರಡನ್ನೂ ವಿದ್ಯುತ್ತಿನಿಂದ ಹಿಡಿತದಲ್ಲಿಟ್ಟರೆ ಹನಿಯ ಗಾತ್ರವೂ ಹಿಡಿತಕ್ಕೆ ಬರುತ್ತದೆ. ಕೇಳಿದಾಗ ಮಾತ್ರ ಹನಿ ಕೊಡುವ ಇಂಥ ಸಾಧನಕ್ಕೆ 1972ರಲ್ಲಿ ಅಮೆರಿಕದಲ್ಲಿ ಸ್ಟೀವನ್ ಜೋಲ್ಟಾನ್ ಎಂಬವನು ಪೇಟೆಂಟು ಪಡೆದನು. ಇಂದು ಇಂಥ ಯಂತ್ರಗಳು ಹತ್ತು ಪಿಕೊಲೀಟರಿನ ಹನಿಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಬಿಡುತ್ತವೆ. ಔಷಧಿಯ ಸೀಸೆಯಿಂದ ಬೀಳುವ ಒಂದು ತೊಟ್ಟಿನಿಂದ ಅಂಥ ಐವತ್ತು ಲಕ್ಷ ಹನಿಗಳನ್ನು ಮಾಡಬಹುದು.

ಇದನ್ನು ನೋಡಲು ಪ್ಯಾರಿಸಿಗೆ ಹೋಗಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಗಳಲ್ಲಿ ಹುಟ್ಟುಹಬ್ಬಕ್ಕೆ, ಜಾತ್ರೆಗೆ, ಚುನಾವಣೆಗೆ ಫ್ಲೆಕ್ಸ್ ಅಚ್ಚು ಹಾಕಿಕೊಡುವ ಅಂಗಡಿಗಳಿವೆಯಲ್ಲ, ಅಲ್ಲಿಯ ಯಂತ್ರಗಳ ಹೆಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಈ ಪೀಜೋ ಪಿಂಗಾಣಿಯೇ. ಮಂಡ್ಯದ ಅಂಥ ಒಂದು ಅಂಗಡಿಯಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಹೆಡ್ಡು ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಿತ್ತು. ನೀಲಿ, ಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕೇ ಬಣ್ಣಗಳ ಕಣ್ಣಿಗೆ ಕಾಣದ ಹನಿಗಳು ಒಂದರ ಪಕ್ಕ ಒಂದು ಬಿದ್ದು, ನೋಡುತ್ತಿದ್ದಂತೆ ಒಬ್ಬ ಮನುಷ್ಯನ ಮುಖ ಮೂಡಿಬಂದಿತು. ಯಂತ್ರ ನಡೆಸುತ್ತಿದ್ದ ಅಣ್ಣನು, ಶಾಯಿ ಒಣಗಿ ಒಂದು ರಂಧ್ರ ಕಟ್ಟಿಕೊಂಡರೂ ಮುಖದ ಮೇಲೆ ಗೆರೆ ಬೀಳುತ್ತದೆಂದೂ, ಆದುದರಿಂದ ದಿನವೂ ಹೆಡ್ಡನ್ನು ಶುಚಿ ಮಾಡಲೇಬೇಕೆಂದೂ ಹೇಳಿದನು. ತೂಬಿನಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆ ಒಣಗುವುದಿಲ್ಲವೆ, ಹಾಗೆಯೇ.

ಅಚ್ಚಿನ ಕೆಲಸ ಇದರ ಒಂದು ಮುಖ ಮಾತ್ರ. ಇನ್ನೊಂದು ವಿಧದ ಯಂತ್ರದಲ್ಲಿ ದ್ರವವನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುತ್ತಾರೆ. ಪೀಜೋ ಹರಳು ಕಾಯಿಸುವುದೇ ಇಲ್ಲ, ಬರಿದೆ ಹಿಂಡುತ್ತದೆ. ಆದುದರಿಂದ ಶಾಖಕ್ಕೆ ಕೆಡುವ ದ್ರವಗಳನ್ನೂ ಹನಿಹನಿಯಾಗಿ ಹಂಚಬಹುದು. ಪ್ರಯೋಗಶಾಲೆಗಳಲ್ಲಿ ಬೆಲೆಬಾಳುವ ಔಷಧದ ಮಾದರಿಯನ್ನು ಪಟ್ಟಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡುವುದು, ರೋಗ ಪರೀಕ್ಷೆಗಾಗಿ ವಂಶವಾಹಿಯ ದ್ರವವನ್ನು ಗಾಜಿನ ಮೇಲೆ ಸಾಲುಗೊಳಿಸುವುದು ಇವೆಲ್ಲ ಇಂಥ ಸಾಧನಗಳ ಕೆಲಸ. ಒಂದು ತೊಟ್ಟು ರಕ್ತದಲ್ಲಿ ಹತ್ತಾರು ಪರೀಕ್ಷೆಗಳು ಮುಗಿಯುವುದಾದರೆ ಅದರ ಲಾಭ ಬಡರೋಗಿಗೆ ತಾನೆ?

ನಮ್ಮ ಕಾಲೇಜಿನ ಜಗಲಿಯಲ್ಲಿ ದಿನವೂ ಕಿವಿಗೆ ಬೀಳುವ ಪ್ರಶ್ನೆ ಒಂದುಂಟು: ಇದನ್ನು ಓದಿದರೆ ಏನು ಸಿಕ್ಕುತ್ತದೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮಲ್ಲಿ ಬಹು ಮಂದಿ ಮನೆಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹಿಡಿದು ಬರುವವರು. ಕಬ್ಬಿನ ಹಣ ಬಂದರೆ ಶುಲ್ಕ, ಬರದಿದ್ದರೆ ಸಾಲ. ಇಂಥ ಮನೆಯ ಮಕ್ಕಳು ಓದಿನ ಪ್ರಯೋಜನವನ್ನು ಕೇಳಿದರೆ ತಪ್ಪೇನು? ಪಿಯರನೂ ಬಡತನದ ಕಾರಣ ಓದನ್ನು ತಡೆದು ಕೆಲಸ ಹಿಡಿದವನೇ. ಆದರೆ ಅವನು ಆ ಕೆಲಸದ ನಡುವೆಯೇ, ಸಿಕ್ಕಿದ ಓಣಿಯಲ್ಲಿಯೇ, ಕೈಗೆ ಎಟುಕಿದ ಸಕ್ಕರೆ ಬೆಣಚುಗಳಲ್ಲಿಯೇ ಸತ್ಯವನ್ನು ಹುಡುಕಿದನು. ಪ್ರಯೋಜನವನ್ನು ಕೇಳಿ ಅವನು ಹೊರಟಿದ್ದರೆ ಹರಳನ್ನು ಒತ್ತುತ್ತಲೇ ಇರಲಿಲ್ಲ. ಏಕೆಂದರೆ ಆ ಪ್ರಯೋಜನ ಅವನು ಸತ್ತು ಹತ್ತು ವರ್ಷ ಕಳೆದ ಮೇಲೆ ಕಡಲಿನಲ್ಲಿಯೂ, ಇನ್ನೂ ಅರ್ಧ ಶತಮಾನ ಕಳೆದ ಮೇಲೆ ಹನಿಯಲ್ಲಿಯೂ ಕಾಣಿಸಿತು. ಫಲ ತಡವಾಗಿ ಬಂದರೂ ಬಂದದ್ದು ಲೋಕಕ್ಕೆಲ್ಲ.

ಆದುದರಿಂದ ನನ್ನ ಗೆಳೆಯರಲ್ಲಿ ನನ್ನ ಬಿನ್ನಹ ಇಷ್ಟೆ. ನೌಕರಿಗಾಗಿ ಓದೋಣ, ಅದು ಮನೆಗೆ ಸಲ್ಲಬೇಕಾದ ಋಣ. ಅದರ ಜೊತೆಗೆ, ಯಾರೂ ಕೇಳದ, ಪರೀಕ್ಷೆಗೆ ಬಾರದ ಒಂದು ಸಣ್ಣ ಸಂಗತಿಯನ್ನಾದರೂ ನಮ್ಮದೆಂದು ಹಿಡಿದು, ಅದನ್ನು ಸರಿಯಾಗಿ ಅಳೆದು, ಸರಿಯಾಗಿ ಬರೆದಿಡೋಣ. ಅದು ನಮ್ಮ ಊರಿನ ಕೆರೆಯ ತೂಬಿನ ಲೆಕ್ಕವಾಗಿರಬಹುದು, ಹೊಲದ ಬದುವಿನ ಕಲ್ಲಾಗಿರಬಹುದು, ಅಜ್ಜಿಯ ಬಾಯಲ್ಲಿರುವ ಪದವಾಗಿರಬಹುದು. ಸಲಕರಣೆಯಿಲ್ಲ, ಜಾಗವಿಲ್ಲ, ಕೇಳುವವರಿಲ್ಲ ಎಂಬ ಮಾತು ಪಿಯರ್ ಕ್ಯೂರಿಯ ಬಾಳಿನ ಮುಂದೆ ನಿಲ್ಲುವುದಿಲ್ಲ. 1995ರಲ್ಲಿ ಫ್ರಾನ್ಸ್ ದೇಶ ಅವನ ಅಸ್ಥಿಯನ್ನು ಮೇರಿಯ ಅಸ್ಥಿಯೊಡನೆ ಪ್ಯಾರಿಸಿನ ಪಾಂಥೆಯೋನಿಗೆ, ತನ್ನ ಮಹನೀಯರ ಸಮಾಧಿ ಮಂದಿರಕ್ಕೆ, ಒಯ್ದು ಗೌರವಿಸಿತು. ಬದುಕಿದ್ದಾಗ ಅವನು ಕೇಳಿದ್ದು ಒಂದು ಸೋರದ ಕೋಣೆಯನ್ನು.